ಮನೆಮಾತಿನೊಳಗೊಂದು ಬಂದರು

ಬೆಳಗ್ಗೆ ಎದ್ದಲ್ಲಿಂದ ಎಂಟು ಗಂಟೆಯೊಳಗೆ ನಾವು ಎಷ್ಟು ಊರಿನ ಮಾತು ಆಡಿಬಿಡುತ್ತೇವೆ ಎಂದು ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ಬಾಲ್ದಿಗೆ ನೀರು ಹಿಡಿಯುತ್ತೇವೆ. ಸಾಬೂನು ಎಲ್ಲಿಟ್ಟೆ ಎಂದು ಕೇಳುತ್ತೇವೆ. ಚಹಾಕ್ಕೆ ಸಕ್ಕರೆ ಕಮ್ಮಿಯಾಯಿತು ಎನ್ನುತ್ತೇವೆ. ಕುರ್ಚಿ ಎಳೆದು ಕೂರುತ್ತೇವೆ. ಹೊರಡುವಾಗ ಚಾವಿ ಹುಡುಕುತ್ತೇವೆ. ಎಲ್ಲ ದಿನವೂ ಆಡುವ ಮಾತುಗಳೇ, ವಿಶೇಷ ಎಂತದ್ದೂ ಇಲ್ಲ ಎಂದು ತೋರುತ್ತದೆ.

ಆದರೆ ಒಂದೊಂದನ್ನೇ ಹಿಡಿದು "ನೀನು ಎಲ್ಲಿಂದ ಬಂದೆ ಮಾರಾಯ?" ಎಂದು ಕೇಳಿ ನೋಡಿ. ಬಾಲ್ದಿಯೂ ಚಾವಿಯೂ ಪೋರ್ಚುಗೀಸರ ಹಡಗಿನಲ್ಲಿ ಬಂದವು. ಸಾಬೂನು ಅರಬಿ ಮಾತು, ಅರಬರಿಗೆ ಅದು ಬಂದದ್ದು ಇನ್ನೂ ಪಡುವಣದ ಗ್ರೀಕ್, ಲ್ಯಾಟಿನ್ ಕಡೆಯಿಂದ. ಚಹಾದ ಮೂಲ ಚೀನಾ. ಕುರ್ಚಿ ಅರಬಿಯ 'ಕುರ್ಸಿ', ನಮ್ಮ ಮಕ್ಕಳು ಬಾಯಿಪಾಠ ಹೇಳುವ ಆಯತುಲ್ ಕುರ್ಸಿಯಲ್ಲಿ ಇರುವ ಅದೇ ಕುರ್ಸಿ. ಸಕ್ಕರೆಯೊಂದು ಮಾತ್ರ ಈ ನೆಲದಿಂದ ಹೊರಟು ಲೋಕ ಸುತ್ತಿದ ಮಾತು. ಸಂಸ್ಕೃತದ 'ಶರ್ಕರಾ' ಪಾರ್ಸಿಯಲ್ಲಿ 'ಶಕರ್' ಆಯಿತು, ಅರಬಿಯಲ್ಲಿ 'ಸುಕ್ಕರ್' ಆಯಿತು, ಅಲ್ಲಿಂದ ಯುರೋಪಿಗೆ ಹೋಗಿ 'ಶುಗರ್' ಆಯಿತು. ಈಗ ನಮ್ಮ ಊರಿನ ಹಿರಿಯರು "ನನಗೆ ಶುಗರ್ ಉಂಟು" ಎನ್ನುವಾಗ, ಮನೆ ಬಿಟ್ಟು ಹೋದ ಮಗ ಬೇರೆ ವೇಷದಲ್ಲಿ ವಾಪಸ್ ಬಂದ ಹಾಗೆ.

ಹೊಸದು ಕಂಡು ಖುಷಿಪಡಲು ದುಡ್ಡು ಖರ್ಚು ಮಾಡಬೇಕು, ಪ್ರವಾಸ ಹೋಗಬೇಕು, ಮೊಬೈಲಿನಲ್ಲಿ ಎಂತಾದರೂ ನೋಡಬೇಕು ಎಂಬ ಅಭ್ಯಾಸ ನಮ್ಮ ಮನೆಗಳಿಗೆ ಬಂದಿದೆ. ಮದ್ರಸದಲ್ಲಿ ಮಕ್ಕಳ ಜೊತೆ ಕೂರುವ ನಮಗೆ ಕಂಡದ್ದು ಬೇರೆ. ಒಂದು ಸಣ್ಣ ಮಾತು ಸಾಕು, ಹತ್ತು ವರ್ಷದ ಹುಡುಗನ ಕಣ್ಣು ಅರಳಲು.

ಹಾಜರಿ ಪುಸ್ತಕದಲ್ಲಿ ಸಿಕ್ಕಿದ್ದು

ಒಮ್ಮೆ ಐದನೇ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಕೈ ಎತ್ತಿದ. "ಉಸ್ತಾದ್, ಶಾಲೆಯಲ್ಲಿ ಟೀಚರ್ 'ಗೈರುಹಾಜರಿ' ಅಂತ ಬರೀತಾರೆ. ಫಾತಿಹಾದಲ್ಲಿ ನಾವು 'ಗೈರಿ' ಅಂತ ಓದ್ತೇವಲ್ಲ, ಅದೂ ಇದೂ ಒಂದೇಯಾ?"

ಒಂದೇ. ಅರಬಿಯಲ್ಲಿ 'ಗೈರ್' ಎಂದರೆ ಅಲ್ಲದ, ಹೊರತಾದ. 'ಹಾಳಿರ್' ಎಂದರೆ ಎದುರಿಗೆ ಇರುವವನು. ಪಾರ್ಸಿ, ಉರ್ದು ಬಾಯಲ್ಲಿ ಅದು 'ಹಾಜಿರ್' ಆಯಿತು, ಕನ್ನಡಕ್ಕೆ ಬರುವಾಗ 'ಹಾಜರು' ಆಯಿತು. ಎರಡನ್ನೂ ಸೇರಿಸಿದರೆ ಗೈರುಹಾಜರಿ. ದಿನಕ್ಕೆ ಎಷ್ಟೋ ಸಲ ನಮಾಝಿನಲ್ಲಿ ಓದುವ ಮಾತು ಶಾಲೆಯ ಕನ್ನಡ ಟೀಚರ ಪುಸ್ತಕದಲ್ಲೂ ಕೂತಿದೆ ಎಂದು ಗೊತ್ತಾದಾಗ ಇಡೀ ತರಗತಿಯಲ್ಲಿ ಗದ್ದಲ. "ಮತ್ತೆ ಯಾವುದುಂಟು ಉಸ್ತಾದ್? ಮತ್ತೆ ಯಾವುದುಂಟು?" ಅವತ್ತು ಪಾಠ ಮುಂದೆ ಹೋಗಲಿಲ್ಲ, ಆದರೆ ಅವತ್ತಿನಷ್ಟು ಅರಬಿ ಅವರು ಬೇರೆ ಯಾವ ದಿನವೂ ಕಲಿತಿಲ್ಲ.

ಹುಡುಕಲು ಹೊರಟರೆ ತಾಲೂಕು ಕಚೇರಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 'ತಾಲೂಕು' ಎಂಬುದೇ ಅರಬಿಯ 'ತಅಲ್ಲುಕ್', ಅಂದರೆ ಸಂಬಂಧ, ಒಂದಕ್ಕೊಂದು ಅಂಟಿಕೊಂಡಿರುವುದು. 'ಜಿಲ್ಲೆ'ಯ ಮೂಲ ಅರಬಿಯ 'ಳಿಲಅ್', ಪಕ್ಕೆಲುಬು. ನಮ್ಮ ದಕ್ಷಿಣ ಕನ್ನಡವೂ ಉಡುಪಿಯೂ ನಾಡಿನ ಎರಡು ಪಕ್ಕೆಲುಬು ಎಂದು ಹೇಳಿದರೆ ಮಕ್ಕಳು ತಮ್ಮ ಪಕ್ಕೆ ಮುಟ್ಟಿ ನೋಡಿಕೊಳ್ಳುತ್ತಾರೆ. 'ದಾಖಲೆ' ಎಂದರೆ ಒಳಗೆ ಹೋದದ್ದು, ಅರ್ಜಿ ಎಂದರೆ ಮುಂದೆ ಇಟ್ಟದ್ದು, 'ರದ್ದು' ಎಂದರೆ ಹಿಂದೆ ಕಳಿಸಿದ್ದು. 'ವಕೀಲ' ಕೋರ್ಟಿನಲ್ಲೂ ಇದ್ದಾನೆ, ನಿಕಾಹಿನ ಚಪ್ಪರದಲ್ಲೂ ಇದ್ದಾನೆ. ಎರಡೂ ಕಡೆ ಕೆಲಸ ಒಂದೇ, ಬೇರೊಬ್ಬರ ಪರವಾಗಿ ಮಾತಾಡುವುದು. 'ಕಾನೂನು' ಅರಬಿಯಿಂದ ಬಂತು, ಅರಬಿಗೆ ಗ್ರೀಕಿನಿಂದ ಬಂತು. ಅಲ್ಲಿ ಅದರ ಮೊದಲ ಅರ್ಥ ಅಳತೆಯ ಕೋಲು.

'ತಕರಾರು' ಎಂಬ ಮಾತು ನಮಗೆ ತುಂಬಾ ಇಷ್ಟ. ಅರಬಿಯಲ್ಲಿ 'ತಕ್ರಾರ್' ಎಂದರೆ ಮತ್ತೆ ಮತ್ತೆ ಹೇಳುವುದು, ಅಷ್ಟೇ. ತಜ್ವೀದ್ ಕಲಿಸುವಾಗ 'ರಾ' ಅಕ್ಷರವನ್ನು ನಾಲಗೆಯಲ್ಲಿ ಹೊರಳಿಸಿ ಹೊರಳಿಸಿ ಹೇಳಬಾರದು ಎಂದು ಎಚ್ಚರಿಸುವಾಗ ಬರುವುದೂ ಇದೇ ಧಾತುವಿನ ಮಾತು. ಅದು ಕನ್ನಡಕ್ಕೆ ಬರುವಾಗ ಜಗಳ ಯಾಕಾಯಿತು ಎಂದು ಹೇಳಿಕೊಡಲು ನಾವು ಬೇಕಾಗಿಲ್ಲ. ಒಂದೇ ಮಾತನ್ನು ಹತ್ತು ಸಲ ಹೇಳಿದರೆ ಮನೆಯಲ್ಲಿ ಎಂತಾಗುತ್ತದೆ ಎಂದು ಎಲ್ಲರಿಗೂ ಗೊತ್ತುಂಟು.

ಅಂಗಡಿಯ ಲೆಕ್ಕದ ಪುಸ್ತಕ

ಬ್ಯಾರಿ ಎಂಬ ಹೆಸರು ತುಳುವಿನ 'ಬ್ಯಾರ'ದಿಂದ, ಅಂದರೆ ವ್ಯಾಪಾರದಿಂದ ಬಂತು ಎಂದು ತುಂಬಾ ಮಂದಿ ಒಪ್ಪುತ್ತಾರೆ. ಹಾಗಾಗಿ ಮಕ್ಕಳನ್ನು ನಾವು ಅಂಗಡಿಗೇ ಕರೆದುಕೊಂಡು ಹೋಗುತ್ತೇವೆ, ಮಾತಿನಲ್ಲಿ. ಹಳೆಯ ಲೆಕ್ಕದ ಪುಸ್ತಕ ಬಿಡಿಸಿದರೆ ಕಾಣುವುದು ಎಂತದ್ದು? ಜಮಾ, ಖರ್ಚು, ವಸೂಲಿ, ಬಾಕಿ, ನಗದು. ಐದೂ ಅರಬಿ ಮೂಲದವು. ಜಮಾ ಎಂದರೆ ಒಟ್ಟುಗೂಡಿದ್ದು. ಜಮಾಅತ್, ಜುಮುಅ ಎಲ್ಲ ಅದೇ ಮನೆಯ ಮಕ್ಕಳು. ಖರ್ಚು ಎಂದರೆ ಹೊರಗೆ ಹೋದದ್ದು. ವಸೂಲಿ ಎಂದರೆ ಬಂದು ತಲುಪಿದ್ದು. ಬಾಕಿ ಎಂದರೆ ಉಳಿದದ್ದು. ಹೀಗೆ ಅರ್ಥ ಹಿಡಿದು ಓದಿದರೆ ಲೆಕ್ಕದ ಪುಸ್ತಕದ ಒಂದು ಪುಟವೇ ಒಂದು ಕಥೆ: ಕೂಡಿತು, ಹೋಯಿತು, ಬಂತು, ಉಳಿಯಿತು.

ಅಡಿಕೆ, ಮೀನಿನ ವ್ಯಾಪಾರದಲ್ಲಿ ಇರುವ 'ದಲ್ಲಾಳಿ'ಯ ಮೂಲ 'ದಲ್ಲಾಲ್'. ದಾರಿ ತೋರಿಸುವುದು ಎಂಬ ಅರ್ಥದ ಧಾತು ಅದು. 'ದಲೀಲ್', ಅಂದರೆ ಆಧಾರ, ಎಂಬ ಮಾತೂ ಅದರಿಂದಲೇ. ದಲ್ಲಾಳಿ ಎಂದರೆ ಕಮಿಷನ್ ತಿನ್ನುವವನು ಎಂದು ಮಾತ್ರ ತಿಳಿದಿದ್ದ ಹುಡುಗನಿಗೆ, ಅವನು ಮೂಲದಲ್ಲಿ ದಾರಿ ತೋರಿಸುವವನು ಎಂದು ಗೊತ್ತಾದರೆ ಮುಖದಲ್ಲಿ ಒಂದು ನಗು ಬರುತ್ತದೆ. ಆ ಹುಡುಗನ ಉಪ್ಪ ಅದೇ ಕೆಲಸದಲ್ಲಿ ಇದ್ದರೆ ನಗು ಇನ್ನೂ ದೊಡ್ಡದು.

ಅಡುಗೆಮನೆಯಿಂದ ಹೊರಟವರು

ಬಂದ ಮಾತುಗಳ ಕಥೆ ಇದು. ಹೋದವುಗಳ ಕಥೆ ಇನ್ನೂ ಚಂದ.

ಕುರ್‌ಆನಿನ 76ನೇ ಅಧ್ಯಾಯದಲ್ಲಿ ಸ್ವರ್ಗದ ಪಾನೀಯದ ವಿವರಣೆ ಬರುತ್ತದೆ. 5ನೇ ಸೂಕ್ತದಲ್ಲಿ 'ಕಾಫೂರ್', 17ನೇ ಸೂಕ್ತದಲ್ಲಿ 'ಝಂಜಬೀಲ್'. ಕಾಫೂರ್ ನಮ್ಮ ಕರ್ಪೂರದ ಬಂಧು. ಝಂಜಬೀಲ್ ಎಂದರೆ ಶುಂಠಿ. ಭಾಷಾ ವಿದ್ವಾಂಸರು ಹೇಳುವ ಪ್ರಕಾರ ಈ ಮಾತಿನ ದಾರಿ ಹಿಡಿದು ಹಿಂದೆ ಹಿಂದೆ ಹೋದರೆ ಸಂಸ್ಕೃತದ 'ಶೃಂಗವೇರ' ಸಿಗುತ್ತದೆ, ಅದರ ಹಿಂದೆ ನಮ್ಮ ದಕ್ಷಿಣದ 'ಇಂಜಿ' ಮತ್ತು 'ವೇರ್'. ವೇರ್ ಎಂದರೆ ಕನ್ನಡದ ಬೇರು. ತಮಿಳರೂ ಮಲಯಾಳಿಗಳೂ ಇವತ್ತಿಗೂ ಶುಂಠಿಗೆ ಇಂಜಿ ಎನ್ನುತ್ತಾರೆ. ಹಿತ್ತಲಿನ ಮಣ್ಣಿನಿಂದ ಕಿತ್ತ ಒಂದು ತುಂಡು ಶುಂಠಿಯ ಹೆಸರು ಎಲ್ಲೆಲ್ಲ ಪಯಣ ಮಾಡಿದೆ ಎಂದು ಯೋಚಿಸಿ ನೋಡಿ.

ಹುಣಸೆಹುಳಿಯದ್ದು ತಮಾಷೆಯ ಕಥೆ. ಅರಬರು ಅದಕ್ಕೆ 'ತಮ್ರ್ ಹಿಂದೀ' ಎಂದರು, ಹಿಂದೂಸ್ತಾನದ ಖರ್ಜೂರ. ಅದೇ ಇಂಗ್ಲಿಷಿನಲ್ಲಿ 'ಟ್ಯಾಮರಿಂಡ್' ಆಯಿತು. ಸಸ್ಯಶಾಸ್ತ್ರದವರು ಅದರ ಮೇಲೆ ಇನ್ನೊಂದು ಸಲ ಇಂಡಿಯಾ ಸೇರಿಸಿ 'ಟ್ಯಾಮರಿಂಡಸ್ ಇಂಡಿಕಾ' ಎಂದು ಹೆಸರಿಟ್ಟರು. ಒಂದೇ ಹೆಸರಿನಲ್ಲಿ ಎರಡು ಸಲ ಭಾರತ! ಆದರೆ ಮರದ ಮೂಲ ಊರು ಆಫ್ರಿಕಾ. ಬಂದು ನೆಲೆಸಿ ನಮ್ಮ ಮೀನುಸಾರಿನ ಜೀವವೇ ಆಗಿಬಿಟ್ಟ ಮೇಲೆ ಲೋಕವೆಲ್ಲ ಅದನ್ನು ಇಲ್ಲಿಯದ್ದೇ ಎಂದು ಕರೆಯಿತು.

ತೆಂಗಿನಕಾಯಿಗೆ ಅರಬಿಯಲ್ಲಿ 'ನಾರ್ಜೀಲ್'. ನಾರಿಕೇಳ ಎಂಬ ನಮ್ಮ ಮಾತಿನ ವಂಶ ಅದು. ಮೊದಲು ಹುಕ್ಕಾದ ನೀರಿನ ಬುರುಡೆಗೆ ತೆಂಗಿನ ಚಿಪ್ಪನ್ನೇ ಬಳಸುತ್ತಿದ್ದರಾದ್ದರಿಂದ ಹುಕ್ಕಾಕ್ಕೂ 'ನರ್ಗಿಲೆ' ಎಂಬ ಹೆಸರು ಬಂತು. ಕೊಬ್ಬರಿಯ ಮಲಯಾಳ ರೂಪ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿನ 'ಕೋಪ್ರಾ' ಆಯಿತು. ಮಾವು 'ಮ್ಯಾಂಗೋ' ಆದದ್ದೂ ಮಲಯಾಳದ 'ಮಾಙ್ಙ'ದಿಂದ. ಹಲಸು 'ಜ್ಯಾಕ್' ಆದದ್ದು 'ಚಕ್ಕ'ದಿಂದ. ಶಾಲೆಯಲ್ಲಿ ಇಂಗ್ಲಿಷ್ ಎಂದರೆ ನಡುಗುವ ಮಕ್ಕಳಿಗೆ ನಾವು ಇದನ್ನು ಬೇಕೆಂದೇ ಹೇಳುತ್ತೇವೆ. ಆ ಭಾಷೆ ನಮ್ಮ ಹಿತ್ತಲಿನಿಂದ ಸಾಲ ಪಡೆದಿದೆ, ಹೆದರುವುದು ಯಾಕೆ?

ಗಾಳಿಗೂ ಒಂದು ಹೆಸರು

ಈ ಮಾತುಗಳನ್ನೆಲ್ಲ ಹೊತ್ತು ತಂದದ್ದು, ಹೊತ್ತುಕೊಂಡು ಹೋದದ್ದು ಗಾಳಿ. ಅರಬಿಯಲ್ಲಿ 'ಮೌಸಿಮ್' ಎಂದರೆ ಋತು, ಕಾಲ. ಹಡಗು ಬಿಡುವುದಕ್ಕೆ ಹದವಾದ ಕಾಲ ಎಂದು ನಾವಿಕರು ಅದನ್ನು ಬಳಸಿದರು. ಅದು ಪೋರ್ಚುಗೀಸರ ಬಾಯಲ್ಲಿ ಬದಲಾಗಿ ಕೊನೆಗೆ 'ಮಾನ್ಸೂನ್' ಆಯಿತು. ಜೂನಿನಿಂದ ಅಬ್ಬರಿಸುವ ಕಡಲು ಆಗಲೂ ಹಡಗುಗಳಿಗೆ ಬಾಗಿಲು ಹಾಕುತ್ತಿತ್ತು. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಕಾರಣ ಈಗ ಮೀನಿನ ಸಂತಾನ ಉಳಿಯಲಿ ಎಂದು, ಆದರೆ ಕಡಲಿಗೆ ರಜೆ ಕೊಡುವ ಕಾಲ ಹೆಚ್ಚುಕಮ್ಮಿ ಅದೇ.

1340ರ ದಶಕದ ಆರಂಭದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ನಮ್ಮ ಮಂಗಳೂರನ್ನು 'ಮಂಜರೂರ್' ಎಂದು ಬರೆದಿದ್ದಾರೆ. ಪಾರಸ ಮತ್ತು ಯಮನಿನ ವ್ಯಾಪಾರಿಗಳು ಇಲ್ಲಿ ಬಂದಿಳಿಯುತ್ತಾರೆ, ಕರಿಮೆಣಸು ಮತ್ತು ಶುಂಠಿ ಇಲ್ಲಿ ಧಾರಾಳ, ಸುಮಾರು 4,000 ಮುಸ್ಲಿಮರು ಇದ್ದಾರೆ ಎಂಬುದು ಅವರ ಬರಹದಲ್ಲಿದೆ. ಅವರಿಗಿಂತ ಇನ್ನೂರು ವರ್ಷ ಮೊದಲೇ, 1130ರ ದಶಕದಿಂದ ಸುಮಾರು ಹದಿನೇಳು ವರ್ಷ, ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬಿನ್ ಯಿಜು ಮಂಗಳೂರಿನಲ್ಲಿ ಮನೆ ಮಾಡಿದ್ದರು. ಅವರ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗಿನ ಉಗ್ರಾಣದಲ್ಲಿ ಉಳಿದು ಸಿಕ್ಕಿವೆ. ಲೇಖಕ ಅಮಿತಾವ್ ಘೋಷ್ ಅವುಗಳನ್ನು ಹಿಡಿದೇ 1992ರಲ್ಲಿ ಒಂದು ಪುಸ್ತಕ ಬರೆದರು. ಆ ಪತ್ರಗಳಲ್ಲಿ ಏಡನ್ನಿನ ಗೆಳೆಯರು ಬಿನ್ ಯಿಜುವಿಗೆ ಉಡುಗೊರೆಯಾಗಿ ಕಾಗದವನ್ನೂ ಸಕ್ಕರೆಯನ್ನೂ ಕಳಿಸಿದ ಮಾತು ಬರುತ್ತದೆ. ಇಲ್ಲಿಂದ ಹೆಸರು ಪಡೆದು ಹೋದ ಸಕ್ಕರೆ ಅಲ್ಲಿಂದ ಗಂಟು ಕಟ್ಟಿಕೊಂಡು ಮಂಗಳೂರಿಗೇ ಬಂತು.

ಇನ್ನೊಂದು ವಿಷಯ. ಆ ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ನಮ್ಮ ಹಿರಿಯರು ಮದ್ರಸದಲ್ಲಿ ಕಲಿತ ಅರಬಿ-ಮಲಯಾಳದಲ್ಲಿ ಭಾಷೆ ಮಲಯಾಳ, ಲಿಪಿ ಅರಬಿ. ಇವತ್ತು ನಾವು ಬ್ಯಾರಿ ಬರೆಯುವುದು ಕನ್ನಡ ಅಕ್ಷರದಲ್ಲಿ. ಒಂದರ ಬಟ್ಟೆಯನ್ನು ಇನ್ನೊಂದಕ್ಕೆ ತೊಡಿಸುವುದು ಈ ಕಡಲ ದಡದವರಿಗೆ ಹೊಸತಲ್ಲ.

ಎಲ್ಲ ಹೋಲಿಕೆಯೂ ನೆಂಟಸ್ತಿಕೆಯಲ್ಲ

ಇಷ್ಟು ಹೇಳಿದ ಮೇಲೆ ಮಕ್ಕಳಿಗೆ ನಾವು ಒಂದು ಎಚ್ಚರಿಕೆಯನ್ನೂ ಹೇಳುತ್ತೇವೆ. ಹೋಲಿಕೆ ಕಂಡ ಕೂಡಲೇ ನೆಂಟಸ್ತಿಕೆ ಕಟ್ಟಬಾರದು. ಅರಬಿಯಲ್ಲಿ ತಾಯಿಗೆ 'ಉಮ್ಮ್', ಕನ್ನಡದಲ್ಲಿ 'ಅಮ್ಮ'. ಕನ್ನಡದವರು ಅರಬರಿಂದ ತಂದರೇ, ಅರಬರು ಕನ್ನಡದಿಂದ ಒಯ್ದರೇ? ಎರಡೂ ಅಲ್ಲ. ಹಾಲು ಕುಡಿಯುವ ಮಗುವಿನ ತುಟಿಗೆ ಮೊದಲು ಬರುವ ಸದ್ದೇ 'ಮ'. ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಭಾಷೆಗಳಲ್ಲಿ ತಾಯಿಯ ಹೆಸರಿನಲ್ಲಿ ಅದೇ ಸದ್ದು ಇದೆ. ಸಾಲ ತಂದದ್ದಲ್ಲ ಎಂದು ತಿಳಿದರೆ ಬೆರಗು ಕಮ್ಮಿಯಾಗುತ್ತದಾ? ನಮಗಂತೂ ಜಾಸ್ತಿಯೇ ಆಯಿತು.

ಸಾನ್, ಪಿಂಞಾಣ, ದಬ್ಬೂಸು

ಇನ್ನು ನಮ್ಮ ಮನೆಯ ವಿಷಯಕ್ಕೆ ಬರೋಣ. ಹೆಚ್ಚಿನ ಅಜ್ಜಿಯಂದಿರು ತಟ್ಟೆಗೆ 'ಸಾನ್' ಎನ್ನುತ್ತಾರೆ. ಅರಬಿಯ 'ಸಹ್ನ್' ಅದು. 'ಪಿಂಞಾಣ' ಎನ್ನುತ್ತಾರೆ. ಅರಬಿಯ 'ಫಿಂಜಾನ್' ಅದರ ಬಂಧು, ಕನ್ನಡದ 'ಪಿಂಗಾಣಿ'ಯೂ ಅದೇ ಕುಟುಂಬ. ಪಿನ್ನಿಗೆ 'ದಬ್ಬೂಸು' ಎನ್ನುತ್ತಾರೆ, ಅರಬಿಯಲ್ಲೂ ಅದು 'ದಬ್ಬೂಸ್'. ನಮ್ಮ 'ಪತ್ತಿರ್' ಅರಬರ 'ಫತೀರ'ದ ನೆಂಟ ಎಂದು ಹೇಳುವವರಿದ್ದಾರೆ. ಸೌದಿಯ ಹೋಟೆಲಿನಲ್ಲಿ ಕೆಲಸ ಮಾಡಿ ಬಂದ ನಮ್ಮ ಪರಿಚಯದವರೊಬ್ಬರು ಹೇಳಿದ ಮಾತು ಹೀಗೆ: "ಹೋದ ಮೊದಲ ದಿನ ಕಫೀಲ್ ಹೇಳಿದ್ದು ಒಂದೂ ಅರ್ಥ ಆಗಲಿಲ್ಲ ಉಸ್ತಾದರೇ. 'ಸಹ್ನ್, ಸಹ್ನ್' ಅಂತ ಕೂಗುವಾಗ ಮಾತ್ರ ಉಮ್ಮ ಸಾನ್ ತಾ ಅಂತ ಕರೆದ ಹಾಗೆ ಆಯ್ತು. ತಟ್ಟೆ ಹಿಡ್ಕೊಂಡು ಓಡಿದೆ. ಕಣ್ಣಲ್ಲಿ ನೀರು."

ಆದರೆ ಈಗ ನಮ್ಮ ತರಗತಿಯಲ್ಲಿ 'ಸಾನ್' ಎಂದರೆ ಎಂತದ್ದು ಎಂದು ಕೇಳಿದರೆ ಅರ್ಧ ಮಕ್ಕಳಿಗೆ ಗೊತ್ತಿಲ್ಲ. 'ಪ್ಲೇಟ್' ಗೊತ್ತುಂಟು. ಕೆಲವು ಮನೆಗಳಲ್ಲಿ ಮಕ್ಕಳ ಜೊತೆ ಬ್ಯಾರಿ ಆಡುವುದನ್ನೇ ನಿಲ್ಲಿಸಿದ್ದಾರೆ. ಒಬ್ಬ ತಾಯಿ ನಮ್ಮ ಹತ್ತಿರ ಹೇಳಿದರು, "ಶಾಲೆಯಲ್ಲಿ ಹಿಂದೆ ಬೀಳ್ತಾನೆ ಅಂತ ಹೆದರಿಕೆ ಉಸ್ತಾದರೇ. ಬ್ಯಾರಿ ಮಾತಾಡಿದ್ರೆ ಕನ್ನಡವೂ ಹಾಳು, ಇಂಗ್ಲಿಷೂ ಹಾಳು ಅಂತಾರೆ." ಆ ತಾಯಿಯ ಹೆದರಿಕೆ ಸುಳ್ಳಲ್ಲ. ಮಗ ಮುಂದೆ ಬರಲಿ ಎಂಬ ಆಸೆ ಎಲ್ಲರಿಗೂ ಉಂಟು. ಆದರೆ ಆ ಮನೆಯಲ್ಲಿ ಒಬ್ಬ ಅಜ್ಜಿಯೂ ಇದ್ದಾರೆ. ಅವರಿಗೆ ಬ್ಯಾರಿ ಬಿಟ್ಟು ಬೇರೆ ಸರಿಯಾಗಿ ಬರುವುದಿಲ್ಲ. ಮೊಮ್ಮಗನಿಗೆ ಬ್ಯಾರಿ ಬರುವುದಿಲ್ಲ. ಒಂದೇ ಮಾಡಿನ ಕೆಳಗೆ ಇಬ್ಬರೂ ನಗುತ್ತಾರೆ, ಮಾತು ಮಾತ್ರ "ಊಟ ಆಯ್ತಾ" ಎನ್ನುವಲ್ಲಿಗೆ ಮುಗಿಯುತ್ತದೆ.

ನಮಗೆ ನೋವಾಗುವುದು ಅಲ್ಲಿ. ಸರಕಾರ 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿತು. 'ಬ್ಯಾರಿ' ಎಂಬ ಸಿನೆಮಾ 2012ರಲ್ಲಿ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಿತು. ಇದೆಲ್ಲ ಸಂತೋಷವೇ. ಆದರೆ ಅಕಾಡೆಮಿ ಬಂದು ನಮ್ಮ ಅಡುಗೆಮನೆಯಲ್ಲಿ 'ಸಾನ್' ಎಂದು ಕರೆಯುವುದಿಲ್ಲ. ಅದನ್ನು ನಾವೇ ಕರೆಯಬೇಕು. ಎರಡು ಮೂರು ಭಾಷೆ ಒಟ್ಟಿಗೆ ಆಡಿ ಬೆಳೆದವರು ಈ ಜಿಲ್ಲೆಯಲ್ಲಿ ಎಷ್ಟಿಲ್ಲ! ತುಳು, ಕೊಂಕಣಿ, ಬ್ಯಾರಿ ಮನೆಯಲ್ಲಿ ಆಡಿ, ಕನ್ನಡದಲ್ಲಿ ಕಲಿತು, ಇಂಗ್ಲಿಷಿನಲ್ಲಿ ಉದ್ಯೋಗ ಮಾಡುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಒಂದು ನೋಟು ಪುಸ್ತಕ ಸಾಕು

ನಾವು ಮದ್ರಸದಲ್ಲಿ ಒಂದು ಸಣ್ಣ ಕೆಲಸ ಮಾಡಿದೆವು. ಮಕ್ಕಳಿಗೆ ಒಂದೊಂದು ನೋಟು ಪುಸ್ತಕ ತರಲು ಹೇಳಿದೆವು. ವಾರಕ್ಕೆ ಐದು ಮಾತು. ಮನೆಯ ಅತಿ ಹಿರಿಯರ ಹತ್ತಿರ ಕೂತು, ಈಗ ಯಾರೂ ಹೆಚ್ಚು ಆಡದ ಐದು ಬ್ಯಾರಿ ಮಾತು ಕೇಳಿ ಬರೆಯಬೇಕು. ಪಕ್ಕದಲ್ಲಿ ಕನ್ನಡ ಅರ್ಥ. ತುಳುವಿನಲ್ಲಿ ಅದಕ್ಕೆ ಎಂತ ಹೇಳುತ್ತಾರೆ ಎಂದು ನೆರೆಮನೆಯವರ ಹತ್ತಿರ ಕೇಳಿ ಬರೆದರೆ ಇನ್ನೂ ಒಳ್ಳೆಯದು. ಅರಬಿಯೋ ಪೋರ್ಚುಗೀಸೋ ಎಂದು ಆಮೇಲೆ ಒಟ್ಟಿಗೆ ಕೂತು ಹುಡುಕೋಣ ಎಂದೆವು. ಗೊತ್ತಾಗದ್ದರ ಮುಂದೆ ಖಾಲಿ ಬಿಡಬೇಕು, ಬಾಯಿಗೆ ಬಂದದ್ದು ಬರೆಯಬಾರದು.

ಮೊದಲ ವಾರ ಹೆಚ್ಚಿನವರು ಮರೆತರು. ಎರಡನೇ ವಾರ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಐದಲ್ಲ, ಹತ್ತೊಂಬತ್ತು ಮಾತು ಬರೆದುಕೊಂಡು ಬಂದಳು. ಕೆಲವು ನಮಗೂ ಗೊತ್ತಿರಲಿಲ್ಲ. "ಇಷ್ಟು ಹೇಗೆ?" ಎಂದು ಕೇಳಿದೆವು. "ಅಜ್ಜಿ ನಿಲ್ಲಿಸ್ಲೇ ಇಲ್ಲ ಉಸ್ತಾದ್. ಇಶಾ ಆದ್ಮೇಲೆ ಕೂತದ್ದು, ಉಮ್ಮ ಬಂದು ಮಲಗು ಅಂದ್ರೂ ಅಜ್ಜಿ ಇನ್ನೊಂದು ಉಂಟು, ಇನ್ನೊಂದು ಉಂಟು ಅಂತ ಹೇಳ್ತಾನೇ ಇದ್ರು." ತನಗೆ ಎಂತದ್ದೂ ಗೊತ್ತಿಲ್ಲ, ತಾನು ಶಾಲೆಗೆ ಹೋದವಳಲ್ಲ ಎಂದು ಜೀವಮಾನವಿಡೀ ಹೇಳುತ್ತಾ ಬಂದ ಹೆಂಗಸು, ಮೊಮ್ಮಗಳು ಪೆನ್ನು ಹಿಡಿದು ಎದುರು ಕೂತಾಗ ಆ ಮನೆಯ ಉಸ್ತಾದ್ ಆದರು.

ಈ ಪುಟ ಓದುವ ಮನೆಗಳಲ್ಲೂ ಇದನ್ನು ಮಾಡಬಹುದು. ಗಲ್ಫಿನಲ್ಲಿ ಇರುವವರು ವೀಡಿಯೋ ಕಾಲ್ ಮಾಡುವಾಗ ಆರೋಗ್ಯ, ಹಣ, ಮಳೆ ವಿಚಾರಿಸಿದ ಮೇಲೆ ಉಮ್ಮನ ಹತ್ತಿರ ಒಂದು ಹಳೆಯ ಮಾತು ಕೇಳಿ, ನಿಮ್ಮ ಕೆಲಸದ ಜಾಗದ ಅರಬರು ಅದಕ್ಕೆ ಎಂತ ಹೇಳುತ್ತಾರೆ ಎಂದು ನೋಡಿ. ಸಿಕ್ಕಿದರೆ ಮರುದಿನ ಫೋನ್ ಮಾಡಿ ಹೇಳಿ. ಉಮ್ಮನ ನಗು ಕೇಳಲಿಕ್ಕೆ ಇನ್ನೊಂದು ಕಾರಣ ಸಿಗುತ್ತದೆ. ಊರಿನಲ್ಲಿ ಇರುವವರು ಇವತ್ತು ಮಧ್ಯಾಹ್ನದ ಊಟಕ್ಕೆ ಕೂರುವಾಗ ಮಕ್ಕಳಿಗೆ "ಪ್ಲೇಟ್ ತಾ" ಎನ್ನುವ ಬದಲು "ಸಾನ್ ತಾ" ಎಂದು ಹೇಳಿ. ಎಂತದು ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಅಜ್ಜಿಯ ಕಡೆಗೆ ಕೈ ತೋರಿಸಿ.